ಮೂಲೆ ಮುಟ್ಟದ ಅಲೆ

ದೋನಾ ಇವೊನೆಟೆ (ದೋನಾ ಎಂದರೆ ನಮ್ಮಲ್ಲಿ ಅಮ್ಮನವರು ಎಂದಂತೆ) ಹನ್ನೊಂದು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿದವರು. ಕೋಣೆಯೊಂದರಲ್ಲಿ ಅಲೆ ಎದ್ದಿದೆ ಎನ್ನಿ; ಅದನ್ನು ಹೀರಿಕೊಳ್ಳುವ ಮೆತ್ತೆ ಇರುವುದು ಒಂದು ಮೂಲೆಯಲ್ಲಿ ಮಾತ್ರ. ಕಾಲ ಕಳೆದಂತೆ ಆ ಅಲೆ ಏನಾಗುತ್ತದೆ? ಬೇಗನೆ ಅಡಗುತ್ತದೆ, ಇಷ್ಟು ಹೊತ್ತಿಗೆ ಇಷ್ಟು ಎಂದು ಹೇಳಬಹುದು ಎಂದು ಅವರು ಸಾಧಿಸಿದ್ದರು. ಮರಿಂಗಾ ವಿಶ್ವವಿದ್ಯಾಲಯದ ನಮ್ಮ ಗಣಿತ ವಿಭಾಗಕ್ಕೆ ಹೆಸರು ಬಂದದ್ದೇ ಆ ಪ್ರಮೇಯದಿಂದ. ಅದನ್ನು ನಂಬಿ ಅವರ ಮೂವರು ವಿದ್ಯಾರ್ಥಿಗಳು ಪಿಎಚ್.ಡಿ. ಪಡೆದರು.

ನಾಲ್ಕನೆಯ ವಿದ್ಯಾರ್ಥಿನಿ ಜುಸೇಲಿಯಾ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಸಹೋದ್ಯೋಗಿಯಾದ ನಾನೂ ದೋನಾ ಅವರ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ, ಅವಳು ಹಲಗೆಯ ಮೇಲೆ ಆಯತ ಬರೆದು, ಎದುರುಬದುರು ಗೋಡೆಗಳ ನಡುವೆ ಗೆರೆ ಎಳೆದಳು.

"ಏನೇ ಇದು?" ಎಂದರು ದೋನಾ.

"ಅಲೆ. ಹೋಗುತ್ತೆ, ಬರುತ್ತೆ, ಮತ್ತೆ ಹೋಗುತ್ತೆ. ಮೂಲೆ ಕಡೆ ತಿರುಗೋದೇ ಇಲ್ಲ."

"ನನ್ನ ಪ್ರಬಂಧದ ನಾಲ್ಕನೇ ಪುಟದಲ್ಲಿ ಅದಕ್ಕೆ ಉತ್ತರ ಇದೆ, ನೋಡು."

"ಜುಲೈ ಪೂರ್ತಿ ಅದನ್ನೇ ನೋಡಿದೀನಿ ದೋನಾ. ತಪ್ಪಿರೋದೇ ಅಲ್ಲಿ."

ದೋನಾ ಎದ್ದು ಬಂದು ಆ ಗೆರೆಯ ಮೇಲೆ ಗೋಡೆಯಿಂದ ಗೋಡೆಗೆ ಬೆರಳಾಡಿಸಿದರು. ಆಮೇಲೆ, "ಸರಿಯಾಗೇ ಹೇಳ್ತಿದೀಯ" ಎಂದು ಕುರ್ಚಿಯಲ್ಲಿ ಕುಳಿತರು.

ಜುಸೇಲಿಯಾ ಹೋದ ಮೇಲೆ ನಾನೆಂದೆ, "ಇದನ್ನ ಬೇರೆ ಯಾರೂ ಕೇಳಿಸಿಕೊಂಡಿಲ್ಲ. ನಿವೃತ್ತಿಗೆ ಇನ್ನೆರಡೇ ವರ್ಷ. ಸುಮ್ಮನಿದ್ದುಬಿಡಿ."

"ನೀನಾಗಿದ್ರೆ ಸುಮ್ಮನಿರ್ತಿದ್ಯಾ, ಒಸ್ಮಾರ್?"

"ಇರ್ತಿದ್ದೆ."

"ಅದಕ್ಕೇ ನಿನ್ನ ಹೆಸರಲ್ಲಿ ಒಂದು ಪ್ರಮೇಯಾನೂ ಇಲ್ಲ."

ಆ ವಾರವೇ ಪ್ರಮೇಯ ಅಚ್ಚಾಗಿದ್ದ ಗಣಿತ ಪತ್ರಿಕೆಗೆ ಬರೆದು ಪ್ರಮೇಯವನ್ನು ಹಿಂತೆಗೆದುಕೊಂಡರು. ಮೂವರು ಹಳೆಯ ವಿದ್ಯಾರ್ಥಿಗಳಿಗೂ ತಾವೇ ಫೋನ್ ಮಾಡಿದರು. ಅವರಲ್ಲೊಬ್ಬನಾದ, ಕಾಸ್ಕವೆಲ್‌ನಲ್ಲಿದ್ದ ಎಡಿಮಿಲ್ಸನ್‌ನ ಕೆಲಸ ಕಾಯಂ ಆಗುವುದರಲ್ಲಿತ್ತು, ಆಗಲಿಲ್ಲ. "ನಿಮ್ಮನ್ನ ನಂಬಿದ್ನಲ್ಲ, ನನಗೆ ಬುದ್ಧಿ ಇರಲಿಲ್ಲ" ಎಂದವನು ಮತ್ತೆಂದೂ ಮಾತಾಡಲಿಲ್ಲ. ಜುಸೇಲಿಯಾಳನ್ನು ದೋನಾ ತಾವೇ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ ಕಂಪಿನಾಸ್‌ನ ಇನ್ನೊಬ್ಬ ಮಾರ್ಗದರ್ಶಕರ ಬಳಿಗೆ ಕಳುಹಿಸಿದರು.

ಉಳಿದ ಎರಡು ವರ್ಷ ಪ್ರಮೇಯವನ್ನು ರಿಪೇರಿ ಮಾಡಲು ಹೆಣಗಿದರು. ಕೊನೆಗೆ ಉಳಿದದ್ದು ಇಷ್ಟೇ: ಗೋಡೆಗಳ ನಡುವೆ ಓಡಾಡುವ ಅಲೆಯೂ ಸ್ವಲ್ಪಸ್ವಲ್ಪವೇ ಹರಡಿ ಮೂಲೆ ಸೇರುವುದರಿಂದ ಅಡಗುವುದು ನಿಜ, ಆದರೆ ಎಷ್ಟು ನಿಧಾನವೆಂದರೆ, ಇಷ್ಟು ಹೊತ್ತಿಗೆ ಇಷ್ಟು ಎಂದು ಎಲ್ಲ ಅಲೆಗಳಿಗೂ ಅನ್ವಯಿಸುವ ಮಾತು ಕೊಡಲಾಗದು. ಅಷ್ಟನ್ನು ಬೇರೆಯವರು ಎಂದೋ ಸಾಧಿಸಿದ್ದರು.

ಬೀಳ್ಕೊಡುಗೆ ಬೇಡವೆಂದರು. ಈಗ ಅಪುಕರಾನದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಹೋದ ಈಸ್ಟರ್‌ಗೆ ಜುಸೇಲಿಯಾಳ ಹೊಸ ಪ್ರಬಂಧವನ್ನು ಒಯ್ದು ಕೊಟ್ಟೆ. ಮೊದಲ ಪುಟ ಓದಿ, ಮೇಜಿನ ಮೇಲೆ ಬೋರಲು ಹಾಕಿದರು.

"ಚೆನ್ನಾಗಿಲ್ವಾ?" ಎಂದೆ.

"ಇದೆಲ್ಲ ನನಗೆ ಅರ್ಥ ಆಗೋದು ನಿಂತು ವರ್ಷ ಆಯ್ತು, ಒಸ್ಮಾರ್. ತಗೊಂಡು ಹೋಗು."