ಮೂವತ್ತೊಂದರವರೆಗೂ ರೈಟು

ನರ್ಸಿಂಗ್ ಓದುವಾಗ ಯಲ್ದೂರು ಕಡೆಯ ಒಂದು ಹಳ್ಳಿಯಲ್ಲಿ ಕ್ರಿಯಾ ಸಂಶೋಧನೆ ಮಾಡಿದ್ದೆ. ಹೆಸರಷ್ಟೇ ಭಾರಿ. ಬಿಪಿ ಇರುವವರ ಮನೆಗೊಂದು ಕ್ಯಾಲೆಂಡರ್ ಕೊಡುವುದು, ಮಾತ್ರೆ ನುಂಗಿದ ದಿನ ಅವರು ರೈಟ್ ಹಾಕುವುದು, ಅದರಿಂದ ಉಪಯೋಗವಾಯಿತೇ ಎಂದು ನಾನು ನೋಡುವುದು. "ನಂಗೂ ಬಿಪಿ ಇದೆ, ದಿನಾ ನುಂಗ್ತೀನಿ" ಎಂದು ಅವರಿಗೆ ಧೈರ್ಯ ಬೇರೆ ಹೇಳಿದ್ದೆ.

ಕ್ಯಾಲೆಂಡರುಗಳೇನೋ ತುಂಬುತ್ತಾ ಹೋದವು. ಆದರೆ ಹಿಪ್ಪುನೇರಳೆ ತೋಟದ ಪಕ್ಕದ ಅಜ್ಜಿಯ ಬಿಪಿ ನೂರ ಎಂಬತ್ತರಿಂದ ಇಳಿಯುತ್ತಲೇ ಇರಲಿಲ್ಲ. ಅವರ ಅಕ್ಕನಿಗೆ ಇದೇ ಬಿಪಿಯಿಂದ ಲಕ್ವ ಹೊಡೆದಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅವರ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ನೋಡಿದೆ. ಅಂದು ಹನ್ನೆರಡನೇ ತಾರೀಖು, ರೈಟು ಮಾತ್ರ ಮೂವತ್ತೊಂದರವರೆಗೂ ಇತ್ತು.

"ಏನಜ್ಜಿ ಇದು? ಇನ್ನೂ ಬರ್ದೇ ಇರೋ ದಿನಕ್ಕೂ ಹಾಕಿದೀರಲ್ಲ!"

"ಮೊಮ್ಮಗಳ ಕೈಲಿ ಒಂದೇ ಸಲ ಹಾಕಿಸ್ಬಿಟ್ಟೆ ಕಣಮ್ಮಣ್ಣಿ. ಖಾಲಿ ಇದ್ರೆ ನಿಂಗೆ ಮೇಲಿನೋರು ಬೈತಾರಲ್ಲ?"

"ಮತ್ತೆ ಮಾತ್ರೆ?"

"ಹಾಲು ಕರ್ದು ಡೈರಿಗೆ ಓಡೋ ಗಡಿಬಿಡೀಲಿ ಮರ್ತೋಗುತ್ತೆ."

ಇನ್ನೂ ನಾಲ್ಕು ಮನೆ ನೋಡಿದೆ. ಎಲ್ಲ ಕಡೆ ಅದೇ ಕಥೆ. ಊರೇ ಸೇರಿ ನನ್ನನ್ನು ಪಾಸು ಮಾಡಿಸಲು ಹೊರಟಿತ್ತು! ಸಿಟ್ಟು ನೆತ್ತಿಗೇರಿತು, ದಾರಿಯಲ್ಲಿ ನಗುವೂ ಬಂತು.

ಕೋಲಾರದಲ್ಲಿದ್ದ ನನ್ನ ಗೈಡ್ ಮೇಡಂ ಬೈಯಲಿಲ್ಲ. "ಆಗಿದ್ದನ್ನ ಆಗಿದ್ದಂಗೇ ಬರಿ. ಮುಂದೇನು ಮಾಡೋದು ಅಂತ ಅವರನ್ನೇ ಕೇಳು" ಎಂದರು. ಕೇಳಿದೆ. ದಾರಿ ತೋರಿಸಿದ್ದು ಆ ಅಜ್ಜಿಯೇ. "ಡೈರಿ ಸಾಲಲ್ಲೇ ನುಂಗೋಣ. ಪಕ್ಕದೋಳಿಗೆ ಬಾಯಿ ತೆಗ್ದು ತೋರಿಸ್ಬೇಕು, ಅಷ್ಟೇ."

ತಿಂಗಳು ಕಳೆಯುವುದರೊಳಗೆ ಅಜ್ಜಿಯ ಬಿಪಿ ನೂರ ನಲವತ್ತಕ್ಕೆ ಬಂತು. ನಾನು ಹಿಗ್ಗಿಹೋದೆ. ಮೌಲ್ಯಮಾಪನಕ್ಕೆಂದು ಮೇಡಂ ಬೆಳಗಿನ ಹಾಲಿನ ಹೊತ್ತಿಗೇ ಬಂದರು. ಹೆಂಗಸರು ಒಬ್ಬೊಬ್ಬರೇ ಮಾತ್ರೆ ನುಂಗಿ, ನೀರು ಕುಡಿದು, ಬಾಯಿ ತೆರೆದು ನಾಲಿಗೆ ಚಾಚಿದರು. ಮೇಡಂ ನಗು ತಡೆಯಲಾರದೆ ಬರೆದುಕೊಳ್ಳುತ್ತಿದ್ದರು.

ಅಜ್ಜಿ ಕ್ಯಾನು ಕೆಳಗಿಟ್ಟು ನನ್ನತ್ತ ತಿರುಗಿದರು.

"ದಿನಾ ನುಂಗ್ತೀನಿ ಅಂದಿದ್ದೆಯಲ್ಲಮ್ಮಣ್ಣಿ. ಎಲ್ಲಿ, ಬಾಯಿ ತೆಗಿ."

ನನ್ನ ಮಾತ್ರೆಯ ಸ್ಟ್ರಿಪ್ ಬ್ಯಾಗಿನಲ್ಲಿತ್ತು. ಆ ವಾರ ಅದರಿಂದ ಒಂದೂ ಖರ್ಚಾಗಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಹುಡುಕಿ ತೆಗೆದೆ. ಅಜ್ಜಿ ತಮ್ಮ ಲೋಟದ ನೀರು ಕೊಟ್ಟರು. ಮೇಡಂ ಎದುರೇ ನುಂಗಿ, ಸಾಲಿನ ಕೊನೆಗೆ ಹೋಗಿ ನಿಂತು, ಪಕ್ಕದವಳಿಗೆ ನಾಲಿಗೆ ಚಾಚಿ ತೋರಿಸಿದೆ.