ಕೌದಿಯ ಕಪಾಟಿಗೆ ಹೋದ ಸ್ಟೀರಿಯೋ

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಮೈದುನ ನಮ್ಮ ಮನೆಯ ಸ್ಟೀರಿಯೋದ ವೈರು ಕಿತ್ತು, ಎರಡೂ ಸ್ಪೀಕರ್ ಸಮೇತ ಅದನ್ನು ಕಪಾಟಿನಲ್ಲಿಟ್ಟು ಮೇಲೆ ಕೌದಿ ಮುಚ್ಚಿದ. ತಿರ್ಲಾಪುರದಿಂದ ನನ್ನ ಗಂಡನ ದೊಡ್ಡವ್ವ, ಮಗನೊಂದಿಗೆ ನನ್ನನ್ನು ಮಾತಾಡಿಸಲು ಬರುವವರಿದ್ದರು. ಗಂಡ ತೀರಿಕೊಂಡು ಎರಡು ತಿಂಗಳಾಗಿದೆ.

"ವೈನಿ, ಸತ್ತ ಮನ್ಯಾಗ ಇಂಥಾದು ಕಂಡ್ರ ಮಂದಿ ಏನಂದಾರು?"

"ಅದು ನಿಮ್ಮಣ್ಣಂದಪಾ. ಸಂಜಿಗೆ ಹಚ್ಚಿದ್ರ ಅವರು ಬಾಜೂಕ ಕುಂತಂಗ ಅನಸ್ತದ."

"ಅದನ್ನ ದೊಡ್ಡವ್ವನ ಮುಂದ ಹೇಳಬ್ಯಾಡ್ರಿ ಮತ್ತ."

ಅವರು ಬಂದರು. ನಾನು ಗೋಡೆಗೆ ಒರಗಿ, ತಲೆ ತಗ್ಗಿಸಿ ಕುಳಿತೆ. ದೊಡ್ಡವ್ವ ನನ್ನ ಕೈ ಹಿಡಿದು ಸ್ವಲ್ಪ ಹೊತ್ತು ಅತ್ತರು. ಚಹಾ ಬರುವಷ್ಟರಲ್ಲಿ ಅವರ ಮಗ ಮೊಬೈಲ್ ತೆಗೆದ. ಒಂದರ ಹಿಂದೊಂದು ಕುಣಿತದ ಹಾಡುಗಳು ಮನೆಯೆಲ್ಲ ಕೇಳುವಂತೆ ಶುರುವಾದವು. ಮೈದುನನೂ ಅವನ ಪಕ್ಕಕ್ಕೆ ಸರಿದು ಇಣುಕಿದ. ಇಬ್ಬರೂ ನಕ್ಕರು. ದೊಡ್ಡವ್ವ ಚಹಾ ಊದಿಕೊಂಡು ಕುಡಿಯತೊಡಗಿದರು.

ನಾನು ಎದ್ದು ಹೋಗಿ, ಕೌದಿ ಸರಿಸಿ, ಸ್ಟೀರಿಯೋ ಹೊತ್ತು ತಂದು ಅವರ ನಡುವೆ ಇಟ್ಟೆ.

"ಏನ್ ಮಾಡಾಕತ್ತೀರಿ ವೈನಿ?"

"ಹಾಡು ಹೆಂಗೂ ನಡದಾವಲ್ಲಪಾ. ಇದರಾಗ ದನಿ ಛಲೋ ಬರ್ತದ."

ಮೊಬೈಲ್ ಸುಮ್ಮನಾಯಿತು. ದೊಡ್ಡವ್ವ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. "ಗಂಡ ಹೋದ ದುಃಖ ಏನೂ ಕಾಣಸವಲ್ದು ಇಕೀ ಮಾರಿ ಮ್ಯಾಲ," ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದರು.

ನಾನು ಎಷ್ಟು ಅಳಬೇಕು ಎಂಬುದು ನನಗಿಂತ ಚೆನ್ನಾಗಿ ಗೊತ್ತಿರುವವರು ನಮ್ಮ ಬಳಗದಲ್ಲಿ ಇಷ್ಟು ಮಂದಿ ಇದ್ದಾರೆಂದು ಇವತ್ತೇ ತಿಳಿಯಿತು.