ಕಪ್ಪಾಗದ ಬಾಟಲಿ

ಮೊನ್ನೆ ಪಂಚಾಯಿತಿಯಿಂದ ಬಂದ ಹುಡುಗಿ ನಮ್ಮ ಬಾವಿ ನೀರನ್ನು ಪರೀಕ್ಷೆಯ ಮದ್ದು ಹಾಕಿದ ಒಂದು ಪುಟ್ಟ ಬಾಟಲಿಗೆ ತುಂಬಿ ನನ್ನ ಕೈಗಿತ್ತಳು. "ಎರಡು ದಿನ ಇಟ್ಟು ನೋಡಿ ಸಾರ್. ಕಪ್ಪಾದ್ರೆ ಆ ನೀರು ಕುಡೀಬೇಡಿ" ಎಂದು ಹೇಳಿ ಪಕ್ಕದ ಮನೆಗೆ ಹೋದಳು. ಅವಳಿಗೆ ಅದು ಹತ್ತರ ಜೊತೆ ಹನ್ನೊಂದನೆಯದು. ನನಗೋ, ಆ ಗಾಜು ತಣ್ಣಗೆ ಕೈಗೆ ತಾಗಿದ್ದೇ ತಡ…

ಸಿಸ್ಟರ್ ನೆನಪಾದರು…

ಆಗ ನಾನು ಹೊಸನಗರದ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಮೇಷ್ಟ್ರು. ಅವರು ಆ ಭಾಗದ ಆರೋಗ್ಯ ಕೇಂದ್ರದ ನರ್ಸ್, ತೀರ್ಥಹಳ್ಳಿಯವರು. ಊರಿಗೆಲ್ಲ ಸಿಸ್ಟರ್. ಕೆಂಪು ಸ್ವೆಟರ್, ಹೆಗಲಿಗೊಂದು ಚೀಲ. ಯಾರ ಮನೆಗೆ ಹೋದರೂ ಮೊದಲು ಬೆಲ್ಲ, ನೀರು ಕೇಳಿ ಕುಡಿದು ಆಮೇಲೆ ಮಾತಿಗೆ ಕೂರುವವರು.

ಒಂದು ಆಷಾಢದಲ್ಲಿ ಶಾಲೆಯ ಬಾವಿಯ ನೀರನ್ನು ಇಂಥದೇ ಬಾಟಲಿಗೆ ತುಂಬಿ ಕೊಟ್ಟರು. "ಎರಡು ದಿನ ಬೆಚ್ಚಗಿರೋ ಕಡೆ ಇಡಿ ಮೇಷ್ಟ್ರೇ. ಅಲ್ಲೀತನಕ ಮಕ್ಕಳಿಗೆ ಕುದ್ಸಿದ ನೀರೇ ಕೊಡಿ" ಎಂದರು. ನಾನು ತಲೆಯಾಡಿಸಿದೆ. ಪಾಠ ಹೇಳಿ ಹೇಳಿ ಅಭ್ಯಾಸವಾದವನಿಗೆ ಬೇರೆಯವರು ಹೇಳಿದ್ದು ಕಿವಿಗಿಳಿಯುವುದು ಕಷ್ಟ. ಹಾಲು ಕೆಡದ ಹಾಗೆ ತಣ್ಣಗಿಡುತ್ತೇವಲ್ಲ, ಪರೀಕ್ಷೆಯ ನೀರೂ ಕೆಡಬಾರದು ಎಂದು ನನ್ನದೇ ಬುದ್ಧಿ ಓಡಿಸಿ, ಥಂಡಿಗಾಳಿ ಬೀಸುವ ಕಿಟಕಿಯಲ್ಲಿಟ್ಟೆ. ಎಂಥ ಬುದ್ಧಿವಂತ!

ಮೂರನೆಯ ಬೆಳಿಗ್ಗೆ ನೋಡಿದರೆ ನೀರು ಕಪ್ಪಾಗಿರಲಿಲ್ಲ. ಬಿಸಿಯೂಟದ ಅಡುಗೆಯಮ್ಮ, "ಸಿಲಿಂಡರ್ ಮುಗಿಯಕ್ಕೆ ಬಂತು ಸಾರ್, ಇನ್ನೆಷ್ಟು ದಿನ ನೀರು ಕುದ್ಸೋದು?" ಎಂದು ಗೊಣಗುತ್ತಿದ್ದರು. ಇವತ್ತಿನಿಂದ ಬೇಡ ಎಂದೆ. ಬೆಳಿಗ್ಗೆಯೆಲ್ಲ ಮಕ್ಕಳು ಬಾವಿ ನೀರನ್ನೇ ಕುಡಿದರು.

ಮಧ್ಯಾಹ್ನ ಸಿಸ್ಟರ್ ಬಂದರು. ನಡೆದು ದಣಿದಿದ್ದರು.

"ಬಾಟ್ಲಿ ಎಂತಾಯ್ತು ಮೇಷ್ಟ್ರೇ?"

ಕಪ್ಪಾಗಿಲ್ಲ, ನೀರು ಚೊಕ್ಕ ಇದೆ ಎಂದು ಹೆಮ್ಮೆಯಿಂದ ಹೇಳಿ, ಬೆಲ್ಲದ ಚೂರಿನ ಜೊತೆ ದೊಡ್ಡ ಲೋಟದ ತುಂಬ ಬಾವಿ ನೀರು ಕೊಟ್ಟೆ. ನನ್ನ ಮಾತು ನಂಬಿ ಒಂದೇ ಉಸಿರಿಗೆ ಕುಡಿದರು. ಆಮೇಲೆ ಕಿಟಕಿಯಲ್ಲಿದ್ದ ಬಾಟಲಿಯನ್ನು ಮುಟ್ಟಿದರು. ಮುಟ್ಟಿದ ಕೈ ಅಲ್ಲೇ ನಿಂತಿತು.

"ಅಯ್ಯೋ ಮಾರಾಯ್ರೇ, ಇದು ಐಸ್ ಆದಂಗೆ ಅದೆಯಲ್ರೀ! ಬ್ಯಾಕ್ಟೀರಿಯಾಕ್ಕೆ ಬೆಳೆಯಕ್ಕೆ ಬಿಸಿ ಬೇಕು. ಥಂಡಿಗೆ ಅದು ಸಾಯೋದಿಲ್ಲ, ಸುಮ್ನೆ ಮಲಗಿರ್ತದೆ. ಹೊಟ್ಟೆ ಬಿಸಿಗೆ ಹೋಯ್ತು ಅಂದ್ರೆ ಎದ್ದು ಒಂದು ಹತ್ತಾಗ್ತದೆ, ಹತ್ತು ಸಾವಿರ ಆಗ್ತದೆ."

ಹೊರಗೆ ಮಕ್ಕಳು ಊಟಕ್ಕೆ ಕೂತಿದ್ದರು, ಲೋಟಗಳ ಸದ್ದು ಕೇಳುತ್ತಿತ್ತು. ಸಿಸ್ಟರ್ ಓಡಿಹೋಗಿ ಕೊಡಪಾನಗಳನ್ನೆಲ್ಲ ಅಂಗಳಕ್ಕೆ ಚೆಲ್ಲಿಸಿದರು. ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ, ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಬಸ್ಸು ಹತ್ತಿದರು. ತಾವು ಕುಡಿದ ಲೋಟದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮಾರನೆಯ ದಿನ ತಂದು ತೋರಿಸಿದರು. ನೀರು ಇದ್ದಿಲಿನಷ್ಟು ಕಪ್ಪು. ಮುಚ್ಚಳದ ಸಂದಿಯಿಂದ ಕೊಳೆತ ಮೊಟ್ಟೆಯ ನಾತ. "ಎರಡು ವಾರ ಮಕ್ಕಳ ಮೇಲೆ ಕಣ್ಣಿಡಿ. ಜ್ವರ, ಭೇದಿ ಏನಾದ್ರೂ ಆದ್ರೆ ಕೂಡ್ಲೇ ಫೋನ್ ಮಾಡಿ" ಎಂದರು.

ಆ ಎರಡು ವಾರ ಹಾಜರಿ ಕರೆಯುವುದೆಂದರೆ ನನಗೆ ಜೀವ ಹೋಗಿ ಜೀವ ಬರುತ್ತಿತ್ತು. ಹೆಸರು ಕರೆದ ಮೇಲೆ "ಎಸ್ ಸಾರ್" ಕೇಳುವ ತನಕ ಉಸಿರು ಬಿಡುತ್ತಿರಲಿಲ್ಲ. ಒಂದು ದಿನ ಎರಡನೆಯ ತರಗತಿಯ ಹುಡುಗಿಯೊಬ್ಬಳ ಹೆಸರಿಗೆ ಉತ್ತರ ಬರಲಿಲ್ಲ. ಪಾಠ ಬಿಟ್ಟು ಅವಳ ಮನೆಗೆ ಓಡಿದೆ. "ಸಾಗರಕ್ಕೆ ಅಜ್ಜಿ ಮನೆಗೆ ಹೋಗ್ಯಾಳೆ ಸಾರ್" ಎಂದರು ಅವಳ ತಾಯಿ. ಅಲ್ಲೇ ಜಗುಲಿಯಲ್ಲಿ ಕೂತು ಅತ್ತುಬಿಟ್ಟೆ. ಮೇಷ್ಟ್ರಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು ಪಾಪ.

ದೇವರು ದೊಡ್ಡವನು, ಒಂದು ಮಗುವಿಗೂ ಏನೂ ಆಗಲಿಲ್ಲ. ಆದರೆ ಹನ್ನೆರಡನೆಯ ದಿನ ಬರಬೇಕಿದ್ದ ಸಿಸ್ಟರ್ ಬರಲಿಲ್ಲ. ಟೈಫಾಯ್ಡ್ ಆಗಿ ತೀರ್ಥಹಳ್ಳಿಯಲ್ಲಿ ಆಸ್ಪತ್ರೆ ಸೇರಿದ್ದಾರೆ ಎಂದು ಬಸ್ಸಿನ ಕಂಡಕ್ಟರ್ ಹೇಳಿದ. "ಅವ್ರು ದಿನಕ್ಕೆ ಹತ್ತು ಮನೆ ನೀರು ಕುಡಿಯೋರು, ಯಾವ ಮನೇದು ಅಂತ ಹೇಳೋದು ಸಾರ್?" ಎಂದು ಅಡುಗೆಯಮ್ಮ ಸಮಾಧಾನ ಹೇಳಿದರು. ನನಗೆ ಅನ್ನ ಸೇರಲಿಲ್ಲ. ಆಸ್ಪತ್ರೆಯ ಗೇಟಿನ ತನಕ ಎರಡು ಸಲ ಹೋದೆ. ಒಳಗೆ ಕಾಲಿಡಲು ಹೆದರಿ ಎರಡು ಸಲವೂ ವಾಪಸು ಬಂದೆ.

ಒಂದೂವರೆ ತಿಂಗಳ ಮೇಲೆ ಬಂದರು. ಕೂದಲು ಅರ್ಧ ಉದುರಿತ್ತು, ಸ್ವೆಟರ್ ಜೋತಾಡುತ್ತಿತ್ತು. ನಾನೇ ಒಲೆಯ ಮುಂದೆ ನಿಂತು ಕುದಿಸಿ ಆರಿಸಿದ ನೀರನ್ನು ಲೋಟದಲ್ಲಿ ಹಿಡಿದೆ. ಅದನ್ನು ಅವರು ಕುದಿಸಿದ್ದೋ ಅಲ್ಲವೋ ಎಂದೂ ಕೇಳದೆ ಕುಡಿದರು.

"ಬೆಲ್ಲ ಎಲ್ಲಿ ಮೇಷ್ಟ್ರೇ?" ಎಂದು ನಕ್ಕರು. ಅಷ್ಟೇ…

ಆಮೇಲೆ ಅವರಿಗೆ ವರ್ಗವಾಯಿತು, ನನಗೆ ನಿವೃತ್ತಿ. ಹೋದ ವರ್ಷ ತೀರಿಕೊಂಡರೆಂದು ತಿಳಿಯಿತು. ಹೃದಯಾಘಾತವಂತೆ. ಅದನ್ನು ಕೇಳಿದಾಗ ಸಂಕಟದ ಜೊತೆಗೆ ಒಂದು ಚೂರು ಸಮಾಧಾನವೂ ಆಯಿತು, ಥೂ ನನ್ನ ಜನ್ಮಕ್ಕಿಷ್ಟು.

ಆ ಹುಡುಗಿ ಕೊಟ್ಟ ಬಾಟಲಿ ಈಗ ನನ್ನ ಸ್ವೆಟರಿನೊಳಗಿದೆ. ಮೊನ್ನೆಯಿಂದ ಹೊಟ್ಟೆಗೆ ಕಟ್ಟಿಕೊಂಡೇ ಓಡಾಡುತ್ತಿದ್ದೇನೆ. ಹೆಂಡತಿ ನಗುತ್ತಾಳೆ. ತೆಗೆದು ನೋಡುವ ಹೊತ್ತು ಆಗಿಹೋಗಿದೆ, ಇನ್ನೂ ನೋಡಿಲ್ಲ. "ನಮ್ಮ ಬಾವಿ ನೀರಿಂದ್ಲೇ ಆಯ್ತಾ ಸಿಸ್ಟರ್?" ಎಂದು ಕೇಳಲು ಅಷ್ಟು ವರ್ಷ ನನಗೆ ಧೈರ್ಯ ಬರಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.